ಹಿಡಿದಿಟ್ಟ ಸೀಟು

ನಿನ್ನೆ ಬೆಳಿಗ್ಗೆ ಬ್ಯಾಡಗಿಯ ನಿಲ್ದಾಣದಲ್ಲಿ ರಾಣೇಬೆನ್ನೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದೆ. ಹೊರಗಿನಿಂದ ಒಂದು ನೀಲಿ ವೇಲು ಹಾರಿಬಂದು ನನ್ನ ಮುಖಕ್ಕೆ ಬಡಿದು, ಪಕ್ಕದ ಸೀಟಿನಲ್ಲಿಟ್ಟಿದ್ದ ನನ್ನ ಬ್ಯಾಗಿನ ಮೇಲೆ ಬಿತ್ತು. "ಅಕ್ಕಾರ, ಸೀಟ್ ಹಿಡೀರಿ, ಬಂದೆ!" ಎಂದಿತು ಒಂದು ದನಿ. ತಿರುಗಿ ನೋಡುವಷ್ಟರಲ್ಲಿ ದನಿಯ ಒಡತಿ ಜನರ ನಡುವೆ ಮಾಯ. ವೇಲಿಗೆ ಒಣಮೆಣಸಿನಕಾಯಿಯ ಘಾಟು ಮೆತ್ತಿತ್ತು. ನಮ್ಮೂರ ಹುಡುಗಿಯೇ, ಅನುಮಾನವಿಲ್ಲ. ಒಂದು ಸೀನು ಬಂತು, ಅದರ ಹಿಂದೆಯೇ ಕಾಲೇಜಿನ ಮೊದಲ ಸೆಮಿಸ್ಟರು ನೆನಪಾಯಿತು.

ನಿಮ್ಮ ಕಡೆ ಈ ಪದ್ಧತಿ ಇದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ನಮ್ಮಲ್ಲಿ ಬಸ್ಸಿನ ಸೀಟು ಬಾಗಿಲಿನಿಂದ ಸಿಗುವುದಿಲ್ಲ, ಕಿಟಕಿಯಿಂದ ಸಿಗುತ್ತದೆ. ಬಸ್ಸು ಇನ್ನೂ ನಿಲ್ದಾಣದೊಳಗೆ ಹೊರಳುತ್ತಿರುವಾಗಲೇ ಅದರ ಜೊತೆ ಓಡಿ, ತೆರೆದ ಕಿಟಕಿಯೊಳಗೆ ಟವೆಲ್ಲು, ಕರವಸ್ತ್ರ, ಬ್ಯಾಗು, ಕೆಲವೊಮ್ಮೆ ಅಳುವ ಕೂಸನ್ನೂ ಇಳಿಸಿಬಿಡಬೇಕು. ಆಮೇಲೆ ಎಷ್ಟು ತಡವಾಗಿ ಹತ್ತಿದರೂ ಆ ಸೀಟು ನಿಮ್ಮದೇ. ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೂ ಎಂಥ ಜಗಳಗಂಟನೂ ಅದನ್ನು ಮೀರುವುದಿಲ್ಲ. ಹೆಣ್ಣುಮಕ್ಕಳಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲಂತೂ ಸೀಟು ಬಂಗಾರವಾಗಿದೆ. ಆದರೆ ಬ್ಯಾಗಿನ ಮೇಲೆ ವೇಲು ಬಿದ್ದರೆ, ಅಂದರೆ ಒಬ್ಬಳು ಹಿಡಿದ ಸೀಟನ್ನೇ ಮತ್ತೊಬ್ಬಳು ಹಿಡಿದರೆ ಅದು ಯಾರದು ಎಂಬುದು ನನಗೂ ಗೊತ್ತಿಲ್ಲ. ನನ್ನ ಬ್ಯಾಗು ಅಲ್ಲಿ ಯಾರಿಗಾಗಿ ಇತ್ತು ಎಂದು ನೀವು ಕೇಳಬಹುದು. ಸ್ವಲ್ಪ ತಡೆಯಿರಿ, ಅಲ್ಲಿಗೇ ಬರುತ್ತೇನೆ.

ಶಾಹೀನ ಮತ್ತು ನಾನು ಬ್ಯಾಡಗಿಯ ಒಂದೇ ಓಣಿಯವರು. ಪಿಯುಸಿಯ ಎರಡು ವರ್ಷ ಇಬ್ಬರೂ ಹಾವೇರಿಗೆ ಓಡಾಡಿದೆವು. ಬ್ಯಾಗು ಎಸೆಯುವ ಕೆಲಸ ನನ್ನದು, ಏಕೆಂದರೆ ನನ್ನ ಗುರಿ ತಪ್ಪುತ್ತಿರಲಿಲ್ಲ. ಜಗಳವಾಡುವ ಕೆಲಸ ಅವಳದು, ಏಕೆಂದರೆ ಅವಳ ಬಾಯಿ ತಪ್ಪುತ್ತಿರಲಿಲ್ಲ. ಇಬ್ಬರಿಗೂ ಫಿಸಿಕ್ಸ್ ಒಂದೇ ಸಮನಾಗಿ ತಿಳಿಯಲಿಲ್ಲ. ಪಾಸಾದದ್ದು ಹೇಗೆಂದು ಇಬ್ಬರಿಗೂ ಇವತ್ತಿನವರೆಗೆ ಆಶ್ಚರ್ಯ.

ಡಿಗ್ರಿಗೆ ಬಂದಾಗ ಅವಳು ಚೊಕ್ಕವಾಗಿ ತೀರ್ಮಾನ ಮಾಡಿದಳು. "ನನಗ ಸೈನ್ಸ್ ಸಾಕವಾ, ತಲಿ ಕೆಟ್ಟು ಮೊಸರಾಗೇತಿ" ಎಂದು ಹಾವೇರಿಯಲ್ಲಿ ಬಿ.ಕಾಂ. ಸೇರಿದಳು. ನನಗೆ ತೀರ್ಮಾನವೆಂಬುದು ಹುಟ್ಟಿನಿಂದಲೇ ಒಗ್ಗಿ ಬಂದಿಲ್ಲ. ಮಿರ್ಚಿ ಭಜಿಯೋ ಗಿರಮಿಟ್ಟೋ ಎಂದು ಕೇಳಿದರೂ ಭಜಿ ಆರಿ, ಗಿರಮಿಟ್ಟಿನ ಮಂಡಕ್ಕಿ ಮೆತ್ತಗಾಗುವ ತನಕ ಯೋಚಿಸುವವಳು ನಾನು. ಅಪ್ಪನದು ಖಾರದ ಪುಡಿಯ ಗಿರಣಿ. ಗಿರಣಿಗೆ ಬಂದವರ್‍ಯಾರೋ, ರಾಣೇಬೆನ್ನೂರಿನ ತುಂಬ ಬೀಜದ ಕಂಪನಿಗಳಿವೆ, ಅಲ್ಲಿ ಬಿ.ಎಸ್ಸಿ. ಮಾಡಿದರೆ ಕೆಲಸವೂ ಅಲ್ಲೇ ಎಂದು ಕಿವಿಯೂದಿದರು. ಅಪ್ಪ ಮನೆಗೆ ಬಂದು, "ಸೈನ್ಸ್ ಮಾಡಿದ್ರ ಮುಂದ ಯಾವಾಗರ ಕಾಮರ್ಸಿಗೆ ಹೋಗಬಹುದು. ಕಾಮರ್ಸ್ ಮಾಡಿದ್ರ ಸೈನ್ಸಿಗೆ ಬರಾಕ ಆಗೂದಿಲ್ಲ" ಎಂದ. ಅವ್ವ ರೊಟ್ಟಿ ಬಡಿಯುತ್ತಲೇ, "ಎಲ್ಲೆರ ಹೋಗಲಿ, ಡಬ್ಬಿ ಖಾಲಿ ಮಾಡ್ಕೊಂಡು ಬಂದ್ರ ಸಾಕು" ಎಂದಳು. ಹೀಗೆ ನಾನು ರಾಣೇಬೆನ್ನೂರಿನವಳಾದೆ.

ಮಳೆಗಾಲ ಹಿಂದಾಗಿ ಗೋವಿನಜೋಳದ ತೆನೆ ಬಲಿಯುವ ಹೊತ್ತಿಗೆ ಸೆಮಿಸ್ಟರು ಶುರುವಾಯಿತು. ಬೆಳಿಗ್ಗೆ ಬಸ್ಸು, ಕ್ಲಾಸು, ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಯದೆ ಬರೆದುಕೊಳ್ಳುವುದು, ಜರ್ನಲ್ಲಿನಲ್ಲಿ ಎಲೆಯ ಚಿತ್ರ ಬಿಡಿಸಿ ಬಾಣ ಎಳೆಯುವುದು, ಸಂಜೆ ಬಸ್ಸು. ನಾನು ಬಾಗಿಲಿನಲ್ಲಿ ಕಾಲಿಟ್ಟರೆ ಮೊದಲ ಬೆಂಚಿನವರು ಸೀನುತ್ತಿದ್ದರು. ನನ್ನ ಬಟ್ಟೆಗೆಲ್ಲ ಗಿರಣಿಯ ಖಾರ. "ಬಂದ್ಲು ನೋಡು ಬ್ಯಾಡಗಿ" ಎಂದು ನಗುತ್ತಿದ್ದರು. ಕೆಟ್ಟ ಹುಡುಗಿಯರೇನಲ್ಲ. ಆದರೆ ಆ ನಗುವಿನಲ್ಲಿ ಸೇರಿಕೊಳ್ಳಲು ನನಗೆ ಶಾಹೀನ ಬೇಕಾಗಿತ್ತು. ಒಬ್ಬಳೇ ನಗಲು ಬರುತ್ತಿರಲಿಲ್ಲ.

"ಹಾವೇರಿಗೆ ಬಂದಬಿಡ" ಎಂದು ಅವಳು ದಿನವೂ ದುಂಬಾಲು ಬೀಳುತ್ತಿದ್ದಳು. ಅವಳ ಕಾಲೇಜಿನಲ್ಲಿ ವಿಚಾರಿಸಿಯೂ ಬಂದಳು. ಜಾಗ ಇದೆ, ಆದರೆ ದಸರಾ ಸೂಟಿ ಮುಗಿಯುವುದರೊಳಗೆ ಹೇಳಬೇಕು, ಆಮೇಲೆ ಇಲ್ಲ ಎಂದಿದ್ದರಂತೆ. ಅಪ್ಪನೂ ಹೆಚ್ಚು ಹಟ ಮಾಡಲಿಲ್ಲ. "ನಿನಗ ಯಾವುದು ಬೇಕು ಅದನ್ನ ಹೇಳು, ಮುಗೀತು" ಎಂದ. ಮುಗಿಯುವ ಮಾತೇ ಅದು? ಯಾವುದು ಬೇಕು ಎಂಬುದೇ ತಿಳಿಯದ ತೊಳಲಾಟ. ಸಸ್ಯಶಾಸ್ತ್ರ ಬೇಡವೋ, ಶಾಹೀನ ಬೇಕೋ? ಎರಡೂ ಒಂದೇ ಮಾತೋ, ಬೇರೆ ಬೇರೆಯೋ? ಬೆಳಿಗ್ಗೆ ಹಾವೇರಿ ಎಂದುಕೊಂಡು ಏಳುತ್ತಿದ್ದೆ, ಹಲ್ಲುಜ್ಜುವಷ್ಟರಲ್ಲಿ ರಾಣೇಬೆನ್ನೂರಾಗುತ್ತಿತ್ತು.

ಸೂಟಿ ಬರುವ ವಾರ ಆ ಘಟನೆ ನಡೆಯಿತು. ನಿಲ್ದಾಣಕ್ಕೆ ಬಸ್ಸುಗಳು ಒಂದರ ಬೆನ್ನಿಗೊಂದು ಬಂದವು. ಜನ ಓಡಿದರು, ನಾನೂ ಓಡಿದೆ. ಎರಡು ವರ್ಷದ ರೂಢಿ ನೋಡಿ, ಕೈ ತಾನೇ ಎದ್ದು ಮೊದಲ ಬಸ್ಸಿನ ಕಿಟಕಿಯೊಳಗೆ ಬ್ಯಾಗು ಎಸೆದುಬಿಟ್ಟಿತು. ಎಂದಿನಂತೆ ಗುರಿ ತಪ್ಪಲಿಲ್ಲ. ಬಾಗಿಲಿನ ಕಡೆ ಬಂದು ಬೋರ್ಡು ನೋಡಿದರೆ ಹಾವೇರಿ! ಒಳಗೆ ನುಗ್ಗಲು ಆಗದಷ್ಟು ಜನ. ಆ ಬಸ್ಸಿನೊಳಗೇ ಜನರ ನಡುವೆ ಸಿಕ್ಕಿದ್ದ ಶಾಹೀನ, "ಬ್ಯಾಗ್ ನಾ ನೋಡ್ಕೊಂತೇನಿ, ನೀ ಹತ್ತ ಲಗೂನ!" ಎಂದು ಕೂಗಿದಳು. ನಾನು ಹತ್ತಲೋ ಬೇಡವೋ ಎಂದು ಯೋಚಿಸಿದೆ. ನಾನು ಯೋಚಿಸಿದರೆ ಏನಾಗುತ್ತದೆಂದು ಹೇಳಿದ್ದೇನಲ್ಲ, ಬಸ್ಸು ಹೊರಟೇಹೋಯಿತು. ಗಾಬರಿಯಲ್ಲಿ ಹಿಂದಿನ ರಾಣೇಬೆನ್ನೂರು ಬಸ್ಸಿಗೆ ಬರಿಗೈಯಲ್ಲಿ ಹತ್ತಿದೆ.

"ಪಾಸ್ ತಗಿಯವ್ವಾ" ಎಂದ ಕಂಡಕ್ಟರು.

"ಬ್ಯಾಗಿನ್ಯಾಗ ಐತ್ರಿ."

"ಬ್ಯಾಗ್ ಎಲ್ಲೈತಿ?"

"ಹಾವೇರಿಗೆ ಹೋಗೇತ್ರಿ."

ಆತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಪಾಸ್ ಹಾವೇರಿಗೆ, ನೀನು ರಾಣೇಬೆನ್ನೂರಿಗೆ. ಮೊದಲ ಇಬ್ರೂ ಕುಂತು ಮಾತಾಡ್ಕೊಂಡು ಒಂದ ಕಡೆ ಹೋಗ್ರಿ." ಇಡೀ ಬಸ್ಸು ನಕ್ಕಿತು. ನನಗೆ ಅಳು ಬಂತು. ಅಳು ನೋಡಿ ಆತ ಮೆತ್ತಗಾದ. ಬ್ಯಾಡಗಿಯಿಂದ ಮೋಟೆಬೆನ್ನೂರು ಕ್ರಾಸಿನವರೆಗೆ ಎರಡೂ ಬಸ್ಸಿಗೆ ಒಂದೇ ದಾರಿ, ಅಲ್ಲಿಂದ ಒಂದು ಅತ್ತ, ಒಂದು ಇತ್ತ. ಕ್ರಾಸಿನಲ್ಲಿ ನನ್ನನ್ನು ಇಳಿಸಿ, ಎದುರಿಗೆ ಬಂದ ಹಾವೇರಿಯ ಬಸ್ಸಿಗೆ ಕೈಮಾಡಿ, "ಈ ಹುಡುಗಿ ಪಾಸ್ ಮುಂದ ಹೋಗೇತಪಾ, ಕರಕೊಂಡು ಹೋಗು" ಎಂದು ಅಲ್ಲಿನ ಕಂಡಕ್ಟರಿಗೆ ಒಪ್ಪಿಸಿದ. ನನ್ನ ಬ್ಯಾಗಿನ ಹಿಂದೆ ನಾನು ಹೊರಟೆ.

ಹಾವೇರಿಯ ಕಾಲೇಜಿನಲ್ಲಿ ಕ್ಲಾಸು ಆಗತಾನೆ ಸೇರುತ್ತಿತ್ತು. ಬಾಗಿಲಿನಲ್ಲಿ ನಿಂತು ನೋಡಿದೆ. ಎಲ್ಲ ಬೆಂಚುಗಳಲ್ಲೂ ಹುಡುಗಿಯರು ಒತ್ತೊತ್ತಾಗಿ ಕುಳಿತಿದ್ದರು. ಶಾಹೀನಳ ಪಕ್ಕದಲ್ಲಿ ಮಾತ್ರ ನನ್ನ ಬ್ಯಾಗು ಬೆನ್ನು ನೆಟ್ಟಗೆ ಮಾಡಿ ಕುಳಿತಿತ್ತು. ಯಾರೋ ಬಂದು, "ಇಲ್ಲಿ ಯಾರರ ಬರ್ತಾರೇನು?" ಎಂದರು. ಶಾಹೀನ ತಲೆ ಎತ್ತದೆ, "ಬರ್ತಾರ" ಎಂದಳು. ನಾನು ಹೋಗಿ ಬ್ಯಾಗನ್ನು ಎತ್ತಿ ಆ ಜಾಗದಲ್ಲಿ ಕುಳಿತೆ. ಬ್ಯಾಗಿಗಿಂತ ಹೆಚ್ಚಿನದೇನನ್ನೂ ನಾನು ಅಲ್ಲಿ ಮಾಡಲಿಲ್ಲ. ಆದರೂ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದು ಪಾಠ ತಿಳಿಯಿತು. ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ಎಷ್ಟು ಸರಳ! ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಇಬ್ಬರೂ ರೊಟ್ಟಿ ಮುರಿದೆವು, ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಸುಖವಾಗಿತ್ತು, ಸುಳ್ಳೇಕೆ ಹೇಳಲಿ.

ಕೈ ತೊಳೆಯುವಾಗ ಗುತ್ತಲದಿಂದ ಬರುವ ಹುಡುಗಿಯೊಬ್ಬಳು ನನಗೆ ಹೇಳಿದಳು: "ಇವತ್ತರ ಬಂದ್ಯಲ್ಲವಾ! ದಿನಾ ನಿನ್ನ ಸಲುವಾಗಿ ಈಕಿ ಅಲ್ಲಿ ತನ್ನ ಬ್ಯಾಗ್ ಇಟ್ಟು ನಮ್ಮನ್ನೆಲ್ಲಾ ಹಿಂದ ಓಡಸ್ತಾಳ. ದಸರಾ ಆದಮ್ಯಾಲೆ ಖಾಯಂ ಬರ್ತೀಯಂತಲ್ಲ?"

ದಿನವೂ ಒಬ್ಬಳು ನನಗಾಗಿ ಜಾಗ ಇಟ್ಟುಕೊಂಡು ಕೂತಿದ್ದಾಳೆ ಎಂಬುದು ಎದೆಯ ಮೇಲೆ ಒರಳುಕಲ್ಲಿಟ್ಟ ಹಾಗಾಯಿತು. ಪ್ರೀತಿ ಇಷ್ಟು ಭಾರ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಸೂಟಿಯಲ್ಲಿ ಮನೆಯಲ್ಲಿ ಕುಳಿತು ಹಾವೇರಿಯ ಬಗ್ಗೆ ಯೋಚಿಸಬೇಕೆಂದು ಪ್ರಯತ್ನಿಸಿದೆ. ಮನಸ್ಸು ಹಾಳಾದ್ದು ಬೇರೆಲ್ಲೋ ಹೋಗುತ್ತಿತ್ತು. ರಾಣೇಬೆನ್ನೂರಿನ ಲ್ಯಾಬಿನಲ್ಲಿ ಸೂಟಿಯ ಮುಂಚಿನ ದಿನ ನಮ್ಮಿಂದ ಮೊಳಕೆಯ ಪ್ರಯೋಗ ಮಾಡಿಸಿದ್ದರು. ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಎಲ್ಲರೂ ಹೆಸರುಕಾಳು ಇಟ್ಟರೆ ನಾನು ಬೇಕೆಂದೇ ಮನೆಯಿಂದ ಒಯ್ದ ಮೆಣಸಿನಕಾಯಿ ಬೀಜ ಇಟ್ಟಿದ್ದೆ. "ನೋಡೂಣು ನಿಮ್ಮೂರ ಬೀಜ ಏನ್ ಮಾಡ್ತಾವು" ಎಂದು ಮೇಡಂ ನಕ್ಕಿದ್ದರು. ಈಗ ಅವು ಮೊಳೆತಿವೆಯೋ ಇಲ್ಲವೋ, ಕಾಗದ ಒಣಗಿತೋ ಏನೋ? ಊಟಕ್ಕೆ ಕುಳಿತರೂ ಅದೇ, ಮಲಗಿದರೂ ಅದೇ. ಬಾಳಿನ ದೊಡ್ಡ ತೀರ್ಮಾನ ಮಾಡೆಂದರೆ ನನ್ನ ತಲೆ ಒಂದು ತಟ್ಟೆ ಬೀಜವನ್ನು ಹಿಡಿದು ಕೂತಿತ್ತು.

ದಸರೆಯ ಸಂಜೆ ನಮ್ಮಲ್ಲಿ ಬನ್ನಿ ಕೊಡುವುದು ರೂಢಿ. ಬನ್ನಿ ಗಿಡದ ಎಲೆಯನ್ನು ಒಬ್ಬರ ಕೈಗೊಬ್ಬರು ಕೊಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಅನ್ನಬೇಕು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಮಾತಾಡಬೇಕು. ಎಲೆ ತೆಗೆದುಕೊಂಡ ಮೇಲೆ ಸಿಟ್ಟು ಇಟ್ಟುಕೊಳ್ಳುವಂತಿಲ್ಲ. ರಂಜಾನಿನ ಶಿರಕುರ್ಮಾಕ್ಕೆ ನಾನು ಅವಳ ಮನೆಗೆ ಹೋಗುವುದು, ಬನ್ನಿಗೆ ಅವಳು ನಮ್ಮ ಮನೆಗೆ ಬರುವುದು ಚಿಕ್ಕಂದಿನಿಂದ ನಡೆದು ಬಂದದ್ದು. ಬಂದಳು. ಕಟ್ಟೆಯ ಮೇಲೆ ಕುಳಿತೆವು. ನಾನು ಎಲೆ ಮುಂದೆ ಹಿಡಿಯುವ ಮೊದಲು ಹೇಳಿಬಿಟ್ಟೆ.

"ಶಾಹೀನ, ನಾ ಬರಂಗಿಲ್ಲ. ಅಲ್ಲೆ ಇರ್ತೇನಿ."

"ಯಾಕ?"

"ಬೀಜ ಇಟ್ಟು ಬಂದೇನಿ."

"ಏನು?"

"ಮೆಣಸಿನಕಾಯಿ ಬೀಜ. ಮೊಳಕಿ ಬಂದಾವೇನಿಲ್ಲ ನೋಡಬೇಕು."

ಇದಕ್ಕಿಂತ ಮರ್ಯಾದೆಯ ಕಾರಣ ಹುಡುಕಬಹುದಿತ್ತು. ಆದರೆ ನಿಜವಾಗಿ ಇದ್ದದ್ದು ಅದೊಂದೇ. ಅವಳು "ಹಿಡಿ ಬೀಜದ ಸಲುವಾಗಿ ನನ್ನ ಬಿಡ್ತಿ?" ಎಂದಳು. ನಾನು ಬನ್ನಿ ಮುಂದೆ ಹಿಡಿದೆ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಈಗ ತೊಗೊಳ್ಳಂಗಿಲ್ಲ ನಾನು. ತೊಗೊಂಡ್ರ ಸಿಟ್ಟು ಬಿಡಬೇಕಾಕ್ಕೇತಿ. ನನಗ ಇನ್ನಷ್ಟು ದಿನ ಸಿಟ್ಟು ಬೇಕು."

ಎದ್ದು ಹೋದಳು. ಅವ್ವ ಒಳಗಿನಿಂದ, "ಶಾಹೀನಾ, ಹೋಳಿಗಿ ತಿಂದು ಹೋಗವಾ" ಎಂದು ಕೂಗುತ್ತಲೇ ಇದ್ದಳು. ಹೋಳಿಗೆ ಬಿಟ್ಟು ಹೋದಳೆಂದರೆ ಸಿಟ್ಟು ಎಷ್ಟಿತ್ತೆಂದು ತಿಳಿಯಿರಿ.

ಸೂಟಿ ಮುಗಿದ ದಿನ ಓಡುತ್ತ ಲ್ಯಾಬಿಗೆ ಹೋದೆ. ಬಾಗಿಲು ತೆರೆದದ್ದೇ ಆಗ. ಹೆಸರುಕಾಳುಗಳೆಲ್ಲ ಬಾಲ ಬಿಟ್ಟು ಉದ್ದಕ್ಕೆ ಬೆಳೆದು ಒಣಗಿದ್ದವು. ನನ್ನ ತಟ್ಟೆಯಲ್ಲಿ ಬರೀ ಬೂಷ್ಟು. ಬೆಳ್ಳಗೆ, ಹತ್ತಿ ಹಾಸಿದಂತೆ. ಒಂದು ಬೀಜವೂ ಮೊಳೆತಿರಲಿಲ್ಲ. ಯಾವುದನ್ನು ನೋಡಲು ಉಳಿದೆನೋ ಅದೇ ಇಲ್ಲ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಡಂ, "ಯಾಕ್ ಹಿಂಗಾತು ಅಂತ ಹುಡುಕು ಮತ್ತ" ಎಂದರು. ಅವತ್ತು ಹುಡುಕಲು ಶುರುಮಾಡಿದವಳು ಇವತ್ತು ಅದೇ ಊರಿನ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಸಂಬಳಕ್ಕೆ ಹುಡುಕುತ್ತಿದ್ದೇನೆ. ಇದು ಸರಿಯಾಯಿತೋ ತಪ್ಪಾಯಿತೋ ನನಗೆ ಗೊತ್ತಿಲ್ಲ. ಇನ್ನೊಂದು ಬಸ್ಸು ಹತ್ತಿದ್ದರೆ ಏನಾಗುತ್ತಿತ್ತೆಂದು ಹತ್ತದವರಿಗೆ ಹೇಗೆ ಗೊತ್ತಾಗಬೇಕು?

ಕೆಲವು ದಿನ ಕಳೆದು, ನಿಲ್ದಾಣದಲ್ಲಿ ನಿಂತಿದ್ದ ಹಾವೇರಿಯ ಬಸ್ಸಿನ ಕಿಟಕಿಯಿಂದ ಬಳೆ ತೊಟ್ಟ ಒಂದು ಕೈ ಹೊರಬಂತು. "ತಾ ಬನ್ನಿ." ಬ್ಯಾಗಿನ ತಳದಲ್ಲಿ ಒಣಗಿ ಪುಡಿಯಾಗುತ್ತಿದ್ದ ಎಲೆ ತೆಗೆದು ಶಾಹೀನಳ ಅಂಗೈಯಲ್ಲಿಟ್ಟೆ. ಮುಷ್ಟಿ ಮುಚ್ಚಿಕೊಂಡಳು. "ನಿನ್ನ ಸಲುವಾಗಿ ಅಷ್ಟ ಹಿಡದಿದ್ದಿಲ್ಲ ಬಿಡ ಸೀಟು. ಗುರ್ತಿಲ್ಲದವರ ಬಾಜೂಕ ಕುಂದ್ರಾಕ ನನಗ ಅಂಜಿಕಿ ಇತ್ತು" ಎಂದಳು. ಆಮೇಲೆ ಸಹಜವಾಗಿ ಸೇರಿಸಿದಳು: "ಈಗ ಗುತ್ತಲದಾಕಿ ಕುಂದರ್ತಾಳ. ಭಾಳ ಮಾತಾಡ್ತಾಳವಾ!"

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಿಟ್ಟುಬಂದವಳು ನಾನು, ಆದರೂ ಆ ಜಾಗ ಖಾಲಿ ಇರಬೇಕಿತ್ತು ಎನ್ನಿಸಿತು. ಅವತ್ತು ರಾಣೇಬೆನ್ನೂರಿನ ಕ್ಲಾಸಿನಲ್ಲಿ ನನ್ನ ಪಕ್ಕದ ಜಾಗದಲ್ಲಿ ಬ್ಯಾಗು ಇಟ್ಟೆ. ಯಾರಾದರೂ ಕೇಳಿದರೆ "ಬರ್ತಾರ" ಎಂದೆ. ಯಾರೂ ಬರುವವರಿರಲಿಲ್ಲ. ಆ ಸೆಮಿಸ್ಟರು ಪೂರ್ತಿ ಹಾಗೇ ಕಳೆಯಿತು. ಆಮೇಲೆ ಗೆಳತಿಯರೂ ಆದರು, ಪರೀಕ್ಷೆಗಳೂ ಆದವು. ಶಾಹೀನ ಈಗ ನಮ್ಮೂರ ಮೆಣಸಿನಕಾಯಿ ಪೇಟೆಯಲ್ಲೇ ಲೆಕ್ಕ ಬರೆಯುತ್ತಾಳೆ. ಸಿಕ್ಕಾಗ ಚೆನ್ನಾಗಿಯೇ ಮಾತಾಡುತ್ತೇವೆ. ಆದರೆ ಬಸ್ಸಿನಲ್ಲಿ ಕುಳಿತರೆ ಬ್ಯಾಗು ಪಕ್ಕಕ್ಕೆ ಇಡುವ ಚಟ ಮಾತ್ರ ಹೋಗಲಿಲ್ಲ.

ನಿನ್ನೆಯೂ ಹಾಗೇ ಇಟ್ಟಿದ್ದೆ. ಕಂಡಕ್ಟರು ರೈಟ್ ಅಂದ. ವೇಲಿನ ಹುಡುಗಿಯ ಸುಳಿವಿಲ್ಲ. "ಹೋಲ್ಡಾನ್!" ಎಂದು ನಾನೇ ಕೂಗಿದೆ. ಆಗ ಕಿಟಕಿಯ ಕೆಳಗೆ ಏದುಸಿರು ಬಿಡುತ್ತ ಬಂದು ನಿಂತಳು. "ಅಕ್ಕಾರ, ವೇಲ್ ಕೊಡ್ರಿ. ತಪ್ಪಿ ಈ ಬಸ್ಸಿಗೆ ಹಾಕೇನಿ. ನಾ ಹಾವೇರಿಗೆ ಹೋಗಬೇಕ್ರಿ."

"ಖರೇನ ಹಾವೇರಿಗೇ ಹೋಗಬೇಕೇನವಾ?" ಎಂದೆ.

ಹುಚ್ಚಿಯನ್ನು ನೋಡುವಂತೆ ನೋಡಿದಳು. "ಹೌದ್ರಿ. ನನ್ನ ಗೆಳತಿ ಅಲ್ಲಿ ಸೀಟ್ ಹಿಡದಾಳ್ರಿ." ವೇಲು ಕೊಟ್ಟೆ. ಓಡಿದಳು.

ಬುಟ್ಟಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಖಾಲಿ ಸೀಟಿನ ಮೇಲಿದ್ದ ನನ್ನ ಬ್ಯಾಗನ್ನು ನೋಡಿ, "ಇಲ್ಲಿ ಯಾರರ ಬರ್ತಾರೇನ್ರಿ?" ಎಂದಳು. ರೂಢಿಯಂತೆ "ಬರ್ತಾರ" ಎನ್ನಲು ಬಾಯಿ ತೆರೆದೆ. ಆದರೆ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

"ಯಾರೂ ಬರಂಗಿಲ್ರಿ. ಕುಂದ್ರಿ."

ಆಕೆ ಉಸ್ಸಪ್ಪಾ ಎಂದು ಕುಳಿತು, ಬುಟ್ಟಿಯನ್ನು ಕಾಲ ಬಳಿ ಸರಿಸಿಕೊಂಡಳು. ಬಸ್ಸು ಹೊರಟಿತು.

"ಮತ್ತ ಇಷ್ಟೊತ್ತು ಯಾರ ಸಲುವಾಗಿ ಹಿಡದಿದ್ರಿ?"

"ನಮ್ಮ ಗೆಳತಿ ಸಲುವಾಗ್ರಿ."

"ಅಯ್ಯ, ಬ್ಯಾರೆ ಬಸ್ ಹತ್ತಿದ್ಲೇನ್ರಿ ಆಕಿ?"

"ಇಲ್ರಿ" ಎಂದೆ. "ಹತ್ತಿದಾಕಿ ನಾನು."