ಒತ್ತೊತ್ತಾದ ಹೊಲಿಗೆ

ನನ್ನ ಎರಡೂ ಕಿರುಬೆರಳುಗಳ ಹೊರಬದಿಯಲ್ಲಿ ದಾರ ಕೊರೆದ ಒಂದೊಂದು ಗೆರೆಯಿದೆ. ಕೈ ನೋಡಿ ಭವಿಷ್ಯ ಹೇಳುವವರು ಅಂಗೈಯನ್ನಷ್ಟೇ ನೋಡುವುದರಿಂದ ಅದರ ಅರ್ಥವನ್ನು ಇದುವರೆಗೆ ಯಾರೂ ಹೇಳಿಲ್ಲ. ಅದು ಭೂತಕಾಲದ ಗೆರೆಯಾದ್ದರಿಂದ ನಾನೇ ಹೇಳಬೇಕು. ರವಿಕೆ ಹೊಲಿಯುವವಳಿಗೆ ಗಾಯವಾಗುವುದಿದ್ದರೆ ತೋರುಬೆರಳಿನ ತುದಿಗೆ ಆಗಬೇಕು. ಕಿರುಬೆರಳಿಗೆ ಆಗುವುದು ಕುದುರೆಯ ಜೀನು ಹೊಲಿಯುವವರಿಗೆ. ಕುಂದಾಪುರದ ಕಡೆ ಹುಟ್ಟಿ, ಮದುವೆಯಾಗುವವರೆಗೆ ಕುದುರೆಯನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ಕಂಡಿದ್ದ ನಾನು ಬಹರೈನಿನಲ್ಲಿ ಮೂರು ವರ್ಷ ಆ ಕೆಲಸ ಮಾಡಿದೆ. ಯಾಕೆ ಮಾಡಿದೆ, ಸರಿಯಾಗಿ ಮಾಡಿದೆನೇ ಎನ್ನುವುದು ಸ್ಪಷ್ಟವಾಗಿದ್ದರೆ, ಓದುಗರೇ, ನಿಮ್ಮ ಹೊತ್ತು ತೆಗೆಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ನಮ್ಮ ಮನೆಯವರಿಗೆ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಕಂಪನಿಯ ಬಸ್ಸು ಅವರನ್ನು ಒಂದೊಂದು ವಾರ ಒಂದೊಂದು ಹೊತ್ತಿಗೆ ಕರೆದೊಯ್ದು ತಂದು ಬಿಡುತ್ತಿತ್ತು. ಮಗಳು ವಿದ್ಯಾ ಶಾಲೆಗೆ ಹೋದಮೇಲೆ ಗುಫೂಲಿನ ಆ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾನೂ ಹೊಲಿಗೆ ಯಂತ್ರವೂ ಎ.ಸಿ.ಯ ಗುಂಯ್‌ಗುಡುವಿಕೆಯೂ ಉಳಿಯುತ್ತಿದ್ದೆವು. ಸುತ್ತಲಿನ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಿದ್ದೆ. ನನ್ನ ಹೊಲಿಗೆ ಸಣ್ಣದು, ಒತ್ತೊತ್ತಾದದ್ದು, ಸೀರೆಗಿಂತ ರವಿಕೆ ಹೆಚ್ಚು ಬಾಳುತ್ತದೆ ಎಂದು ಹೇಳುತ್ತಿದ್ದರು. ಅದು ನನ್ನ ಹೆಮ್ಮೆಯಾಗಿತ್ತು.

ಆ ಹೆಸರನ್ನು ಕೇಳಿಯೇ ಒಂದು ದಿನ ರಶೀದ್ ಭಾಯಿ ಬಾಗಿಲು ತಟ್ಟಿದರು. ಕಾನ್ಪುರದವರು, ಅರವತ್ತರ ಆಸುಪಾಸು, ಮೂವತ್ತು ವರ್ಷದಿಂದ ಇಲ್ಲಿ ಕುದುರೆಯ ಸಾಮಾನು ಮಾಡುವವರು. ಬುದಯ್ಯ ರಸ್ತೆಯಾಚೆ, ಖರ್ಜೂರದ ತೋಟಗಳ ಹಿಂದಿನ ಲಾಯವೊಂದಕ್ಕೆ ಅಂಟಿಕೊಂಡಂತೆ ಅವರ ಅಂಗಡಿ. ಜೀನಿನ ಕೆಳಗೆ ಹಾಸುವ ದಪ್ಪನೆಯ ಬಟ್ಟೆಯನ್ನು ಕೌದಿಯಂತೆ ಹೊಲಿದು ಕೊಡಬೇಕಿತ್ತು. ಕೊಟ್ಟೆ. ಅದನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ, "ಬೆಹನ್‌ಜೀ, ನನ್ನ ಕಣ್ಣಿಗೆ ಪೊರೆ ಬಂದಿದೆ. ಚರ್ಮ ಹೊಲಿಯುವವರು ಒಬ್ಬರು ಬೇಕು. ನೀವು ಕಲಿಯುತ್ತೀರಾ?" ಎಂದರು.

ಇಲ್ಲ ಎನ್ನಬೇಕಿತ್ತು. ನಮ್ಮ ಮನೆಯಲ್ಲಿ ಚಪ್ಪಲಿ ಮುಟ್ಟಿದರೆ ಕೈಕಾಲು ತೊಳೆದೇ ಒಳಗೆ ಬರಬೇಕು. ಅದೇ ಮನೆಯಲ್ಲಿ ಅಪ್ಪಯ್ಯನ ಮದ್ದಳೆ ದೇವರ ದೀಪದ ಪಕ್ಕದಲ್ಲಿ ಇರುತ್ತಿತ್ತು; ಅದರ ಚರ್ಮದ ನಡುವಿಗೆ ಕರಣೆಯ ಕಪ್ಪು ಹಚ್ಚಿದ ಕೈಯಿಂದಲೇ ಅವರು ಪ್ರಸಾದ ಹಂಚುತ್ತಿದ್ದರು. ಚರ್ಮದಲ್ಲೂ ಮೇಲಿನ ಜಾತಿ ಕೆಳಗಿನ ಜಾತಿ ಇದೆಯೇ ಎಂದು ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೆ. ಉತ್ತರ ಸಿಕ್ಕಿರಲಿಲ್ಲ. ಬಹುಶಃ ಆ ಉತ್ತರಕ್ಕಾಗಿಯೋ, ಅಥವಾ ಬರೇ ಆ ಫ್ಲ್ಯಾಟಿನಿಂದ ಹೊರಗೆ ಹೋಗುವ ಆಸೆಗೋ, ಹೂಂ ಎಂದೆ. ಮನೆಯವರು ಬೇಡವೆನ್ನಲಿಲ್ಲ. "ಊರಿಗೆ ಕಾಗದ ಬರೆಯುವಾಗ ಮಾತ್ರ ಇದನ್ನ ಬರಿಬೇಡ" ಎಂದರು. ಬರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಮನೆಯವರೇ ಕಾರಿನಲ್ಲಿ ಅಂಗಡಿಗೆ ಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಕೆಲಸ ಮನೆಗೇ ಬರುತ್ತಿತ್ತು. ಒಂದು ದಾರದ ಎರಡು ತುದಿಗೆ ಎರಡು ಸೂಜಿ. ಚರ್ಮ ಚುಚ್ಚುವ ಆರಿಯಿಂದ ಕೊರೆದ ಒಂದೇ ತೂತಿನಲ್ಲಿ ಒಂದು ಸೂಜಿ ಆಚೆಯಿಂದ, ಇನ್ನೊಂದು ಈಚೆಯಿಂದ. ಮೇಣ ತಿಕ್ಕಿದ ಆ ದಾರವನ್ನು ಎರಡು ಕೈಯಿಂದಲೂ ಜಗ್ಗಿ ಬಿಗಿದಾಗ ಅದು ಕಿರುಬೆರಳಿಗೆ ಹೂತುಕೊಳ್ಳುತ್ತಿತ್ತು. ಒಂದು ಎಳೆ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ, ಯಂತ್ರದ ಹೊಲಿಗೆಗೆ ಆ ನಿಯತ್ತು ಇಲ್ಲ ಎನ್ನುತ್ತಿದ್ದರು ರಶೀದ್ ಭಾಯಿ. ಮೊದಮೊದಲು ಅಂಗಡಿಯಿಂದ ಬಂದೊಡನೆ ತಲೆಗೆ ಸ್ನಾನ ಮಾಡುತ್ತಿದ್ದೆ. ಎರಡನೆಯ ತಿಂಗಳಿಗೆ ಕೈ ತೊಳೆದರೆ ಸಾಕೆನಿಸಿತು. ಆಮೇಲೆ ಒಂದು ದಿನ ಅನ್ನ ಕಲಸುವಾಗ ಬೆರಳಲ್ಲಿ ಮೇಣದ ವಾಸನೆ ಬಂದು, ಅದು ಹಿತವೆನಿಸಿದ್ದಕ್ಕೆ ನನಗೇ ಗಾಬರಿಯಾಯಿತು. ಧರ್ಮ, ಕರ್ಮ, ಚರ್ಮ ಎಂದು ಪ್ರಾಸ ಕೂಡಿಸುವುದು ಸುಲಭ. ಮೂರನ್ನೂ ಒಂದೇ ಹೊಲಿಗೆಯಲ್ಲಿ ಕೂಡಿಸುವುದು ನನ್ನಿಂದ ಆಗಲಿಲ್ಲ.

"ಇದು ಯಾವ ಪ್ರಾಣಿಯ ಚರ್ಮ?" ಎಂದು ಒಮ್ಮೆ ಕೇಳಿದ್ದೆ. ರಶೀದ್ ಭಾಯಿ ಸ್ವಲ್ಪ ತಡೆದು, "ಎಮ್ಮೆ" ಎಂದರು. ಆ ತಡೆಯುವಿಕೆ ನಿಜ ನೆನಪಿಸಿಕೊಳ್ಳಲಿಕ್ಕಾಗಿಯೋ, ನನಗಾಗಿ ನಿಜವನ್ನು ಬದಲಿಸಲಿಕ್ಕಾಗಿಯೋ ತಿಳಿಯಲಿಲ್ಲ. ಮತ್ತೆ ಕೇಳಲಿಲ್ಲ.

ಅವರು ನನ್ನನ್ನು ತಿದ್ದಿದ್ದು ಒಂದೇ ವಿಷಯಕ್ಕೆ. ರವಿಕೆಯ ಚಾಳಿಯಿಂದ ನಾನು ತೂತುಗಳನ್ನು ಹತ್ತಿರ ಹತ್ತಿರ ಕೊರೆಯುತ್ತಿದ್ದೆ. "ಹೀಗೆ ಮಾಡಿದರೆ ಚರ್ಮ ಅಂಚೆಚೀಟಿಯ ಹಾಳೆಯಾಗುತ್ತದೆ. ಜಗ್ಗಿದರೆ ಸಾಲಿಗೆ ಸಾಲೇ ಹರಿಯುತ್ತದೆ. ದೂರ ಬಿಡಿ" ಎನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜೀನಿನ ಕೆಲಸಕ್ಕೆ ಜೀನತನವೇ ಗುಣ. ತಲೆಗೆ ಅರ್ಥವಾಗಿತ್ತು. ಕೈಗೆ ಯಾವಾಗ ಅರ್ಥವಾಯಿತೆಂದು ನನಗೆ ಇವತ್ತಿಗೂ ಖಚಿತವಿಲ್ಲ, ಎಲ್ಲ ಗೊಂದಲವೂ ಇಲ್ಲೇ ಇದೆ.

ಪಕ್ಕದ ಲಾಯದಲ್ಲಿ ಹಸನ್ ಎಂಬ ಬಹರೈನಿ ಸವಾರನಿದ್ದ. ಹತ್ತಿರದ ಹಳ್ಳಿಯವನು, ಯಜಮಾನರ ಕುದುರೆಗಳನ್ನು ದಿನವೂ ಓಡಿಸಿ ಪಳಗಿಸುವುದು ಅವನ ಹೊಟ್ಟೆಪಾಡು. ಅಲ್ಲಿ ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುವುದು ಮರ್ಯಾದೆ; ನಾನು ಅವನಿಗೆ 'ಉಮ್ಮ್ ವಿದ್ಯಾ' ಆಗಿದ್ದೆ, ವಿದ್ಯಾಳ ತಾಯಿ. ಒಂದು ಶುಕ್ರವಾರ ನಾನು ಅಂಗಡಿಗೆ ಹೋದಾಗ ಲಾಯದವರೆಲ್ಲ ಗುಂಪಾಗಿ ನಿಂತಿದ್ದರು. ಬೆಳಿಗ್ಗೆ ಹಸನ್ ಕಂದು ಹೆಣ್ಣುಕುದುರೆಯನ್ನು ಓಡಿಸುತ್ತಿದ್ದಾಗ, ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಪಟ್ಟಿ ಹರಿದು, ಜೀನು ಪಕ್ಕಕ್ಕೆ ಸರಿದು ಅವನು ಬಿದ್ದಿದ್ದ. ಭುಜದ ಮೂಳೆ ಮುರಿದು ಆಸ್ಪತ್ರೆಗೆ ಒಯ್ದಿದ್ದರು.

ಆ ಪಟ್ಟಿಯ ಕೊಂಡಿಯನ್ನು ಕೂಡಿಸಿ ಹೊಲಿದವಳು ನಾನು.

ರಶೀದ್ ಭಾಯಿ ಒಳಗೆ ಮಣೆಯ ಮುಂದೆ ಕುಳಿತಿದ್ದರು. ಪಟ್ಟಿ ಅವರ ಮಡಿಲಲ್ಲಿತ್ತು. ನಾನು ಕೈಗೆತ್ತಿಕೊಂಡು ನೋಡಿದೆ. ಹರಿದ ತುದಿ ಇರಲಿಲ್ಲ. ಚರ್ಮ ಕತ್ತರಿಸುವ ಅಗಲ ಬಾಯಿಯ ಚಾಕುವಿನಿಂದ ಅದನ್ನು ನೇರವಾಗಿ, ನೀಟಾಗಿ ಕತ್ತರಿಸಿ ತೆಗೆದಿದ್ದರು.

"ಹರಿದದ್ದು ಎಲ್ಲಿಂದ? ಹೊಲಿಗೆಯ ಸಾಲಿನಿಂದಲೇ?" ಎಂದು ಕೇಳಿದೆ.

"ಚರ್ಮ ಹಳತಾಗಿತ್ತು ಬೆಹನ್‌ಜೀ. ಆರಿಸಿದ್ದು ನಾನು. ತಪ್ಪು ನನ್ನದು."

"ಆ ತುಂಡು ಎಲ್ಲಿ?"

"ಎಸೆದೆ" ಎಂದರು, ನನ್ನ ಮುಖ ನೋಡದೆ. ಕಣ್ಣಿಗೆ ಪೊರೆ ಬಂದಿರದಿದ್ದರೂ ಅವರು ಆಗ ನೋಡುತ್ತಿರಲಿಲ್ಲವೆನಿಸಿತು.

ಅವರು ಲಾಯದ ಯಜಮಾನರ ಎದುರಿಗೆ ಕೈಮುಗಿದು ತಪ್ಪೊಪ್ಪಿಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಾಯಿ ತೆರೆಯಬೇಕಿತ್ತು. ಆದರೆ ಏನೆಂದು ತೆರೆಯಲಿ? ಅವರು ನನ್ನ ಹೊಲಿಗೆಯನ್ನು ಮರೆಮಾಚುತ್ತಿದ್ದರೆ, ನಾನು ಬಾಯಿಬಿಟ್ಟರೆ ಅವರು ಸುಳ್ಳುಗಾರರಾಗುತ್ತಾರೆ. ಚರ್ಮ ನಿಜಕ್ಕೂ ಹಳತಾಗಿದ್ದರೆ, ಮಾಡದ ತಪ್ಪನ್ನು ಹೊತ್ತುಕೊಂಡು ನಾನು ದೊಡ್ಡವಳಾಗಲು ಹೊರಟಂತಾಗುತ್ತದೆ. ಹೀಗೆ ಯೋಚಿಸುತ್ತಿದ್ದಂತೆಯೇ ಯಜಮಾನರು ಹೊರಟುಹೋದರು. ಆಗ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು.

"ನೀ ಎಂತಕ್ಕೆ ತಲೆಬಿಸಿ ಮಾಡ್ಕಂಬುದು? ಚರ್ಮ ಹಳತು ಅಂತ ಅವ್ರೇ ಹೇಳಿದ್ರಲ್ಲ" ಎಂದರು ಮನೆಯವರು, ಹಿಂದಿರುಗುವಾಗ. ಅವರ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ ಕಾರಣ ಬರೆಯಲೊಂದು ಕಾಗದವಿರುತ್ತದೆ, ಅದಕ್ಕೆ ಮೇಲಧಿಕಾರಿಯ ಸಹಿ ಬಿದ್ದರೆ ವಿಷಯ ಮುಗಿಯಿತು. ನನಗೆ ಮುಗಿಯಲಿಲ್ಲ. ಮನೆಯಲ್ಲಿದ್ದ ಅರ್ಧ ಹೊಲಿದ ಪಟ್ಟಿಗಳನ್ನೆಲ್ಲ ತೆಗೆದು, ತೂತುಗಳ ನಡುವಿನ ಅಂತರವನ್ನು ವಿದ್ಯಾಳ ಸ್ಕೇಲಿನಿಂದ ಅಳೆದೆ. ಕೆಲವು ಸರಿಯಿದ್ದವು. ಕೆಲವು ಒತ್ತೊತ್ತಾಗಿದ್ದವು. ಹಸನ್‌ನ ಪಟ್ಟಿ ಯಾವ ಗುಂಪಿನದೆಂದು ಹೇಳುವವರು ಯಾರು?

ಮರುವಾರ ಅವನ ಹಳ್ಳಿಯ ಮನೆಗೆ ಹೋದೆವು. ಒಂದು ಡಬ್ಬಿ ಕಡುಬು, ಒಂದು ಡಬ್ಬಿ ಚಟ್ನಿ ಒಯ್ದಿದ್ದೆ. ಮೂಳೆ ಮುರಿದವನಿಗೆ ಕಡುಬು ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಹಸನ್ ತೋಳನ್ನು ಜೋಲಿಗೆ ಹಾಕಿಕೊಂಡು ಎದ್ದು ಕುಳಿತ. ಅವನ ತಾಯಿ ಖರ್ಜೂರ, ಕಾಫಿ ತಂದಿಟ್ಟು ನನ್ನ ಪಕ್ಕದಲ್ಲೇ ಕುಳಿತು, ನನ್ನ ಕೈಹಿಡಿದುಕೊಂಡು ಅರಬ್ಬಿಯಲ್ಲಿ ಏನೇನೋ ಹೇಳಿದಳು. ಅವಳ ಹೆಬ್ಬೆರಳು ನನ್ನ ಕಿರುಬೆರಳಿನ ಗೆರೆಯ ಮೇಲೆ ಓಡಾಡುತ್ತಿತ್ತು. ಬೈಯುತ್ತಿದ್ದಾಳೋ ಹರಸುತ್ತಿದ್ದಾಳೋ ತಿಳಿಯದೆ ನಾನು ತಲೆಯಾಡಿಸಿದೆ. ನಮ್ಮೊಡನೆ ಹಿಂದಿ ಆಡುತ್ತಿದ್ದ ಹಸನ್ ಅದನ್ನು ಅನುವಾದಿಸಿ ಹೇಳಲಿಲ್ಲ. "ಕುದುರೆ ಹೇಗಿದೆ?" ಎಂದಷ್ಟೇ ಕೇಳಿದ.

ಎರಡು ತಿಂಗಳ ಮೇಲೆ ಅವನು ಲಾಯಕ್ಕೆ ಮರಳಿದ. ಹೊಸ ಪಟ್ಟಿ ಬೇಕಿತ್ತು. ನಾನು ಆಗ ಕೆಲಸ ಬಿಡುವ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಅಂಗಡಿಗೆ ಹೋಗಿದ್ದೆ. ಅದನ್ನು ಆಡುವ ಮೊದಲೇ ಹಸನ್, "ಉಮ್ಮ್ ವಿದ್ಯಾ ಹೊಲಿಯಲಿ" ಎಂದು ಎದುರಿಗಿದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತ. ರಶೀದ್ ಭಾಯಿ ಹೊಸ ಚರ್ಮ ಕತ್ತರಿಸಿ ಕೊಟ್ಟು, ಇನ್ನೊಂದು ಕೆಲಸಕ್ಕೆಂದು ಒಳಗೆ ಹೋದರು. ನಾನು ಮೇಣ ತಿಕ್ಕಿದೆ, ಗುರುತು ಹಾಕಿದೆ, ಕೊರೆದೆ. ಒಂದು ಗಂಟೆ ಹಿಡಿಯಿತು. ಮುಗಿಸಿ ಕೊಟ್ಟಾಗ ಪಟ್ಟಿಯನ್ನು ಬೆಳಕಿಗೆ ಹಿಡಿದು, ಹೊಲಿಗೆಯ ಸಾಲಿನ ಮೇಲೆ ಉಗುರಿನಿಂದ ನಿಧಾನವಾಗಿ ಗೆರೆಯೆಳೆದು, ಮೆಲ್ಲನೆ ಹೇಳಿದ:

"ಈ ಸಲ ದೂರ ದೂರ ಇದೆ. ಒಳ್ಳೆಯದು."

ಹರಿದ ಪಟ್ಟಿಯನ್ನು ಬಿದ್ದ ಜಾಗದಲ್ಲೇ ಮೊದಲು ನೋಡಿದವನು ಅವನು. ಅಥವಾ, ಹೊಲಿಗೆಯ ಮಾತು ಬಂದಾಗ ಯಾರಾದರೂ ಆಡುವ ಮಾತು ಅದು. ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಗೆ ಹೋಗಿ, ಕುದುರೆಗೆ ಜೀನು ಬಿಗಿದು, ಪಟ್ಟಿಯನ್ನು ಒಮ್ಮೆಯೂ ಜಗ್ಗಿ ನೋಡದೆ ಹತ್ತಿ ಹೊರಟೇಬಿಟ್ಟ.

ರಶೀದ್ ಭಾಯಿ ಒಳಗಿನಿಂದ ಬಂದು, "ಏನಂದ?" ಎಂದರು.

ನಾನು ಸ್ವಲ್ಪ ತಡೆದೆ. "ಚರ್ಮ ಚೆನ್ನಾಗಿದೆ ಅಂದ" ಎಂದೆ.

ಅವರು ತಲೆಯಾಡಿಸಿ, ನಂಬಿದರೋ ಇಲ್ಲವೋ, ಹೊಲಿಯಲು ಇನ್ನೊಂದು ಪಟ್ಟಿ ಕೈಗಿತ್ತರು.