ಬೆಂಕಿಯ ಪಾಠ ಕಲಿತವನು

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಆಗಾಗ ತರಬೇತಿ ಇರುತ್ತದೆ. ಸೈರನ್ ಕೂಗಿದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಡಬೇಕು, ಸಾಲಾಗಿ ಬಯಲಿಗೆ ಹೋಗಬೇಕು, ತಲೆ ಎಣಿಸಬೇಕು, ಯಾರೂ ವಾಪಸ್ ಹೋಗಬಾರದು. ಎಲ್ಲರನ್ನೂ ಹೊರಗೆ ಸಾಗಿಸುವ ತಂಡಕ್ಕೆ ನಾನೇ ಮುಂದಾಳು. ಎದೆಗೆ ಬಿಲ್ಲೆ ಬೇರೆ ಕೊಟ್ಟಿದ್ದರು. ಅದರ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಆ ಮಳೆಗಾಲ ರಾಯಕೋಟೆ ಹತ್ತಿರದ ನಮ್ಮೂರ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಹರಿಯಿತು. ಹೆದರಬೇಕಾದ ನಾವು ಅರಿಶಿನ ಕುಂಕುಮ ಹಿಡಿದು ಗಂಗಮ್ಮನ ಪೂಜೆಗೆ ಹೋದೆವು! ಕಾರ್ಖಾನೆ ಹತ್ತಿರ ಮತ್ತಿಗಿರಿಯಲ್ಲಿ ಬಾಡಿಗೆಗಿದ್ದ ನಾನೂ ರಜೆ ಹಾಕಿ ಬಂದಿದ್ದೆ. ಮಾರನೇ ಬೆಳಿಗ್ಗೆ ಕೆರೆ ಏರಿ ಬಿರುಕು ಬಿಟ್ಟಿದೆ ಎಂದು ಯಾರೋ ಕೂಗಿಕೊಂಡು ಬಂದರು.

"ಎಲ್ಲಾ ಬುಟ್ಟು ಎದ್ದೇಳಿ! ದಿಣ್ಣೆ ಮೇಲ್ನ ಇಸ್ಕೂಲ್‌ಗೆ ನಡೀರಿ! ಏನೂ ಎತ್ಕೊಬ್ಯಾಡಿ!" ಎಂದು ಗಂಟಲು ಹರಿಯುವಂತೆ ಕಿರುಚಿದೆ.

ಅಣ್ಣ ಕೃಷ್ಣಗಿರಿಗೆ ಹೋಗಿದ್ದ. ಅತ್ತಿಗೆ ಕೊಟ್ಟಿಗೆ ಕಡೆ ಓಡಿದಳು. ಅಲ್ಲಿ ಮೂರು ಹಸು, ಒಂದು ಕರು ಕಟ್ಟಿದ್ದರು. ಅವಳ ಮನೆ ನಡೆಯುತ್ತಿದ್ದದ್ದೇ ಅವುಗಳಿಂದ. ನಾನು ಅವಳ ತೋಳು ಹಿಡಿದೆ.

"ಬುಡ್ಲಾ, ಹಗ್ಗ ಬಿಚ್ಬುಟ್ಟು ಬತ್ತೀನಿ."

"ಜನ ಮೊದ್ಲು ಅತ್ಗೆ! ಆಮೇಲೆ ದನ."

"ಒಂದ್ ಗಳಿಗೆ ಕಣ್ಲಾ!"

ಬಿಡಲಿಲ್ಲ. ದರದರ ಎಳೆದುಕೊಂಡು ಹೋದೆ.

ಶಾಲೆಯ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಲೆ ಎಣಿಸಿದೆ. ಲೆಕ್ಕ ಸರಿಯಾಗಿತ್ತು. ಕೆಳಗೆ ನಮ್ಮ ಬೀದಿಗೆ ನೀರು ಇನ್ನೂ ಬಂದೇ ಇರಲಿಲ್ಲ. "ಈಗ್ಲಾದ್ರೂ ಓಗ್ಬರ್ಲಾ?" ಎಂದು ಅತ್ತಿಗೆ ಕೇಳಿದಳು. ಯಾರೂ ಇಳಿಯೋ ಹಾಗಿಲ್ಲ ಎಂದು ಗದರಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಏರಿ ಒಡೆದದ್ದು ಅದಾಗಿ ಮುಕ್ಕಾಲು ಗಂಟೆಯ ಮೇಲೆ. ದನಗಳು ಅರಚುವುದು ಮೇಲಕ್ಕೆ ಕೇಳಿಸಿತು. ನಾನು ಕೆಳಗೆ ಓಡಿದೆ. ಪಕ್ಕದ ಮನೆಯವನು ಸೊಂಟ ತಬ್ಬಿ ಹಿಡಿದುಕೊಂಡ. "ಜನ ಮೊದ್ಲು ಅಂದೋನು ನೀನೇ ಅಲ್ವೇನ್ಲಾ?" ಒದ್ದಾಡಿದೆ, ಬೈದೆ, ಅತ್ತೆ. ಅರಚುವುದು ನಿಲ್ಲುವವರೆಗೂ ಅವನು ಬಿಡಲಿಲ್ಲ.

ಬೆಂಕಿ ಪುರುಸೊತ್ತು ಕೊಡುವುದಿಲ್ಲ. ಅವತ್ತಿನ ನೀರು ಕೊಟ್ಟಿತ್ತು. ಹಗ್ಗ ಬಿಚ್ಚಿದ್ದರೆ ಸಾಕಿತ್ತು, ದನಗಳು ತಾವೇ ದಿಣ್ಣೆ ಹತ್ತುತ್ತಿದ್ದವು. ದಿನಾ ಮೇಯಲು ಬರುತ್ತಿದ್ದ ದಾರಿಯೇ ಅದು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲಿಲ್ಲ.

ಮಾರನೇ ದಿನ ಬ್ರೆಡ್ಡು, ಕಂಬಳಿ ಹಿಡಿದು ಪರಿಹಾರದವರು ಬಂದರು. ಪಟ್ಟಿ ಬರೆಯುತ್ತಿದ್ದ ಹುಡುಗಿ, ಪ್ರಾಣಹಾನಿ ಏನಾದರೂ ಆಗಿದೆಯೇ ಎಂದು ತಮಿಳಿನಲ್ಲಿ ಕೇಳಿದಳು. ಇಲ್ಲ, ಎಲ್ಲರೂ ಇದ್ದಾರೆ ಎಂದೆ.

ಪಕ್ಕದಲ್ಲಿ ಕೂತಿದ್ದ ಅತ್ತಿಗೆ ತಲೆ ಎತ್ತಿದಳು. "ನಾಕು ಅಂತ ಬರ್ಕೊಳವ್ವಾ."

ಹುಡುಗಿ ಕನ್ನಡ ಅರ್ಥವಾಗದೆ ನನ್ನ ಮುಖ ನೋಡಿದಳು. ತಮಿಳಿನಲ್ಲಿ ಹೇಳಬೇಕಾದವನು ನಾನು.