ಬಿಳಿ ಪುಡಿಗಳ ತಕ್ಕಡಿ ಅಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಜಾಮ್ ಕಾರ್ಖಾನೆಯ ಹಿಂಬದಿಯ ಪುಟ್ಟ ಕೋಣೆಗೆ ಬಂದ ಆಕೆ ಮೊದಲು ಫ್ಯಾನ್ ಆರಿಸುತ್ತಾರೆ, ಆಮೇಲೆ ಕಿಟಕಿ ಮುಚ್ಚುತ್ತಾರೆ. ಸೆಕೆ ಎಷ್ಟೇ ಇರಲಿ, ಗಾಳಿ ಆಡಿದರೆ ಪುಡಿ ಹಾರುತ್ತದೆ, ಪುಡಿ ಹಾರಿದರೆ ತೂಕ ಕೆಡುತ್ತದೆ. ಬಳೆ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೂಕದ ಯಂತ್ರದ ಮುಂದೆ ಕೂರುತ್ತಾರೆ. ಸ್ಟೀಲ್ ಚಮಚದಿಂದ ಬಿಳಿ ಪುಡಿಯೊಂದು ಬಟ್ಟಲಿಗೆ ಬೀಳುತ್ತದೆ. ಕೊನೆಯ ಚಿಟಿಕೆ ಹಾಕುವಾಗ ಆಕೆ ಉಸಿರು ಬಿಗಿಹಿಡಿಯುತ್ತಾರೆ. ಪೇಪರಿಗೆ ಬರೆಯಲೆಂದು ಬಂದು ಪಕ್ಕದಲ್ಲಿ ನಿಂತ ನಾನೂ ಹಿಡಿದಿದ್ದೆ ಅಂತ ಗೊತ್ತಾಗುವುದು ಉಸಿರು ಬಿಟ್ಟಾಗ.

"ಹುಳಿ, ನಾನೂರು!" ಎಂದು ಆಕೆ ಗೋಡೆಯ ಕಿಂಡಿಯತ್ತ ಕೂಗುತ್ತಾರೆ.

"ಹುಳಿ, ನಾನೂರು!" ಎಂದು ಅತ್ತಲಿಂದ ಗಂಡಸಿನ ದನಿ ಮರುಕೂಗುತ್ತದೆ. ಆ ಉತ್ತರ ಬಂದ ಮೇಲೆಯೇ ಬಟ್ಟಲು ಕಿಂಡಿ ದಾಟುವುದು.

ಕಾರ್ಖಾನೆಯವರೆಲ್ಲ ಈಕೆಯನ್ನು ಕರೆಯುವುದು ತಕ್ಕಡಿ ಅಕ್ಕ ಎಂದೇ. ಮೂವತ್ತು ವರ್ಷದ ಹಿಂದೆ ಬಂದಾಗ ಇಲ್ಲಿ ನಿಜವಾದ ತಕ್ಕಡಿ ಇತ್ತು. ಈಗ ಯಂತ್ರ ಬಂದಿದೆ, ಹೆಸರು ಮಾತ್ರ ಉಳಿದಿದೆ. ಹಣ್ಣು, ಸಕ್ಕರೆ ಮೂಟೆಗಟ್ಟಲೆ ಬಂದು ಕೊಪ್ಪರಿಗೆಗೆ ಬೀಳುತ್ತವೆ, ಅದನ್ನು ತೋಳಿನಲ್ಲಿ ಬಲವಿದ್ದವರು ಯಾರಾದರೂ ಸುರಿಯಬಹುದು. ಆದರೆ ಜಾಮ್ ಗಟ್ಟಿಯಾಗಲು, ಕೆಡದೆ ಉಳಿಯಲು, ಬಣ್ಣ ಮಾಸದಿರಲು ಬೇಕಾದ ಪುಡಿಗಳು ಗ್ರಾಂ ಲೆಕ್ಕದವು. ಅವನ್ನು ತೂಗುವುದಷ್ಟೇ ಈಕೆಯ ಕೆಲಸ. ದಿನಕ್ಕೆ ಸುಮಾರು ಅರವತ್ತು ಬಟ್ಟಲು. ಊರಿನ ಎಷ್ಟು ಮನೆಗಳ ಬೆಳಗಿನ ಬ್ರೆಡ್ಡಿನ ಮೇಲೆ ಇದು ಹೋಗಿ ಕೂರುತ್ತದೋ, ಯಾರು ಎಣಿಸಿದ್ದಾರೆ?

ಹಾಗಿದ್ದೂ ಈ ಕೈಯಿಂದ ಸ್ವಂತ ಮೊಮ್ಮಗಳು ಒಂದು ತುತ್ತು ತಿನ್ನುವಂತಿಲ್ಲ. ಎರಡು ವರ್ಷದಿಂದ ಮನೆಯಲ್ಲಿ ಅದು ಕಟ್ಟಪ್ಪಣೆ. ಆ ಕತೆಗೆ ಆಮೇಲೆ ಬರುತ್ತೇನೆ. ತಕ್ಕಡಿ ಅಕ್ಕ ಕೂಡ ಅದನ್ನು ಬಾಯಿಬಿಟ್ಟಿದ್ದು ಮಧ್ಯಾಹ್ನದ ಚಹಾದ ಹೊತ್ತಿಗೆ.

ಕೋಣೆಯ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿವೆ. ಅಂಟಿಸಿದ ಚೀಟಿಗಳಲ್ಲಿ ನಾಲಿಗೆ ಹೊರಳದ ಉದ್ದುದ್ದ ಹೆಸರುಗಳು. ಇಲ್ಲಿಯವರಿಗೆ ಅವು ಬೇಕಿಲ್ಲ, ಅಡ್ಡಹೆಸರುಗಳಿವೆ. ಹಣ್ಣಿನ ಸಿಪ್ಪೆಯಿಂದ ಬರುವ, ಜಾಮ್ ಗಟ್ಟಿ ಮಾಡುವ ಪೆಕ್ಟಿನ್‌ಗೆ 'ನೆಂಟ' ಎಂದು ಹೆಸರು, ಯಾಕೆಂದರೆ ಒಮ್ಮೆ ಅಂಟಿಕೊಂಡರೆ ಏಳುವ ಮಾತಿಲ್ಲ. ನಿಂಬೆಯಂಥ ಹುಳಿ ಕೊಡುವ ಸಿಟ್ರಿಕ್ ಆಮ್ಲ ಬರೀ 'ಹುಳಿ'. ಬೂಷ್ಟು ಬಾರದಂತೆ ಕಾಯುವ ಬೆಂಜೋಯೇಟ್ 'ವಾಚ್‌ಮನ್'. ಎಣ್ಣೆ ನೀರನ್ನು ಜಗಳವಿಲ್ಲದೆ ಕೂಡಿಸುವ ಲೆಸಿತಿನ್ 'ದಲ್ಲಾಳಿ', ಅದು ಪಕ್ಕದ ಕೇಕ್ ವಿಭಾಗಕ್ಕೆ ಹೋಗುತ್ತದೆ. ಹಣ್ಣೇ ಇಲ್ಲದೆ ಹಣ್ಣಿನ ಘಮ ಕೊಡುವ ಸೀಸೆಗೆ 'ಸುಳ್ಳುಗಾರ' ಎನ್ನುತ್ತಾರೆ. ಒಣಹಣ್ಣು ಕಪ್ಪಾಗದಂತೆ ನೋಡಿಕೊಳ್ಳುವ ಗಂಧಕದ ಉಪ್ಪು, ಅಂದರೆ ಸಲ್ಫೈಟ್, 'ಸಿಡುಕಿ'. ಡಬ್ಬಿ ತೆರೆದ ಕೂಡಲೇ ಮೂಗಿಗೆ ರಪ್ಪನೆ ಹೊಡೆಯುತ್ತದೆ. ನನಗೂ ಹೊಡೆಯಿತು, ಕಣ್ಣಲ್ಲಿ ನೀರು ಬಂತು.

"ಪರಿಚಯ ಆಯ್ತಲ್ಲ ಬಿಡಿ" ಎಂದು ತಕ್ಕಡಿ ಅಕ್ಕ ನಗುತ್ತಾರೆ.

ನಾನು ಲೇಬಲ್ ಓದದೆ ತಿನ್ನುವ, ಎಂದಾದರೂ ಓದಿದರೆ ಹೆದರುವ ಜಾತಿಯವಳು. ಹಾಗಾಗಿ ಕೇಳಿಯೇಬಿಟ್ಟೆ: ಇದನ್ನೆಲ್ಲ ಹಾಕಲೇಬೇಕಾ?

ಆಕೆಗೆ ಸಿಟ್ಟು ಬರಲಿಲ್ಲ. "ನೋಡಮ್ಮ, ಕೆಡಬಾರದು ಅಂತ ಏನಾದ್ರೂ ಹಾಕೋದು ಇವತ್ತಿಂದಲ್ಲ. ಉಪ್ಪು ಏನು, ಸಕ್ಕರೆ ಏನು? ಅವೂ ವಾಚ್‌ಮನ್‌ಗಳೇ. ಆದ್ರೆ ಅವ್ರು ಒಬ್ರಿಬ್ರು ಸಾಲಲ್ಲ, ದಂಡೇ ಬೇಕು. ಇವನಾದ್ರೆ ನೂರು ಕಿಲೋಗೆ ಇಪ್ಪತ್ತು ಗ್ರಾಂ, ಮುಗೀತು." ಆಮೇಲೆ ಜಾಮಿಗೆ ಕೆಂಪು ಬಣ್ಣ ಕೊಡುವ ಪುಡಿಯ ಡಬ್ಬಿ ತೋರಿಸುತ್ತಾರೆ. "ಎಲ್ಲಾನೂ ಸಮರ್ಥಿಸಲ್ಲ ನಾನು. ಹಣ್ಣು ಚೆನ್ನಾಗಿದ್ರೆ ಇವಳ ಅಗತ್ಯ ಇಲ್ಲ. ಹಣ್ಣು ಸೋತಾಗ ಇವಳನ್ನ ಕರೀತಾರೆ. ಅಳತೇಲಿದ್ರೆ ತೊಂದ್ರೆ ಇಲ್ಲ ಅಂತಾರೆ ದೊಡ್ಡೋರು. ಆ ಅಳತೆ ಮೀರದ ಹಾಗೆ ನೋಡೋದು ನನ್ನ ಪಾಲಿಗೆ ಬಂದಿದೆ."

ಅತಿಯಾದರೆ ಅಮೃತವೂ ವಿಷ ಎನ್ನುವ ಗಾದೆಯನ್ನು ನಾವು ಮಾತಿಗೆ ಬಳಸುತ್ತೇವೆ. ಇಲ್ಲಿ ಅದನ್ನು ಚಮಚದಲ್ಲಿ ಬಳಸುತ್ತಾರೆ.

ಕೂಗಿ ಮರುಕೂಗುವ ಪದ್ಧತಿ ಕಾರ್ಖಾನೆಯ ನಿಯಮ ಪುಸ್ತಕದ್ದಲ್ಲ. ಅದು ಒಂದು ತಪ್ಪಿನಿಂದ ಹುಟ್ಟಿದ್ದು. ಈಕೆ ಕೆಲಸಕ್ಕೆ ಸೇರಿದ ಹೊಸತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಗೊತ್ತಿದ್ದರೂ, ಯಾರದೋ ಮದುವೆ ಮಾತಾಡುತ್ತಾ ನೆಂಟನ ಬಟ್ಟಲಿಗೂ ಹುಳಿಯನ್ನೇ ತುಂಬಿಬಿಟ್ಟರು. ಎರಡೂ ಬಿಳಿ, ಎರಡೂ ನುಣುಪು. ಕಿಂಡಿಯಾಚೆ ಕೊಪ್ಪರಿಗೆ ನೋಡಿಕೊಳ್ಳುವವರು ನೋಡದೆ ಸುರಿದರು. ಜಾಮ್ ಎಷ್ಟು ಕುದಿಸಿದರೂ ಗಟ್ಟಿಯಾಗಲಿಲ್ಲ, ರುಚಿ ನೋಡಿದವರ ಹಲ್ಲು ಚುಳ್ಳೆಂದಿತು. ಇಡೀ ಕೊಪ್ಪರಿಗೆ ಮೋರಿಗೆ ಹೋಯಿತು.

ಕೊಪ್ಪರಿಗೆಯವರು ಇವತ್ತಿಗೂ ಅವರೇ. ಈಕೆಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು, ಉದ್ದನೆಯ ಮರದ ಸೌಟು ಹಿಡಿದೇ ಮಾತಾಡುತ್ತಾರೆ. "ಅಕ್ಕ ಒಬ್ಬರೇ ಬೈಸ್ಕೋತಾ ನಿಂತಿದ್ರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ತುಂಬಿದ್ದು ಅವ್ರು, ಸುರಿದಿದ್ದು ನಾನು, ಕಣ್ಣು ಇಬ್ಬರಿಗೂ ಇತ್ತು ತಾನೆ? ಅವತ್ತಿಂದ ಒಂದು ಬಾಯಿ ಹೇಳಿದ್ರೆ ಆಗಲ್ಲ, ಎರಡು ಬಾಯಿ ಒಪ್ಪಬೇಕು. ನಾವಿಬ್ರೂ ಮಾತು ಬಿಟ್ಟ ದಿನಾನೂ ಇದನ್ನ ಬಿಟ್ಟಿಲ್ಲ."

"ಮಾತು ಬಿಟ್ಟಿದ್ದು ಯಾಕೆ ಅಂತ ಕೇಳಿ" ಎಂದು ಕಿಂಡಿಯಿಂದ ತಕ್ಕಡಿ ಅಕ್ಕನ ದನಿ ಬರುತ್ತದೆ.

"ಅದೆಲ್ಲ ಪೇಪರಿಗೆ ಬೇಡ ಅಕ್ಕ" ಎಂದು ಇವರು ಸೌಟಿನ ಹಿಂದೆ ಮುಖ ಮರೆಸಿಕೊಳ್ಳುತ್ತಾರೆ.

ಮಧ್ಯಾಹ್ನ ಚಹಾದ ಹೊತ್ತಿಗೆ, ಖಾಲಿ ಹಣ್ಣಿನ ಪೆಟ್ಟಿಗೆಗಳ ಮೇಲೆ ಕೂತು ತಕ್ಕಡಿ ಅಕ್ಕ ಆ ಕತೆ ಹೇಳುತ್ತಾರೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಈ ಕೋಣೆಯ ಸಂಬಳದಲ್ಲೇ ಮಗ ಓದಿದ, ಈಗ ಬಸ್ ಓಡಿಸುತ್ತಾನೆ. ಸೊಸೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮೊಮ್ಮಗಳಿಗೆ ಎಂಟು ವರ್ಷ. ಹುಟ್ಟಿದಾಗಿನಿಂದ ಎದೆಯಲ್ಲಿ ಸಣ್ಣಗೆ ಸೀಟಿ ಊದಿದ ಸದ್ದು, ಉಬ್ಬಸ. ಅಪ್ಪ ಮುದ್ದಿಗೆ ಪೀಪಿ ಎಂದು ಕರೆದದ್ದು ಹಾಗೇ ಉಳಿಯಿತು.

ಎರಡು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಕೆಲಸದವರಿಗೆಲ್ಲ ಒಂದೊಂದು ಪೊಟ್ಟಣ ಒಣಹಣ್ಣು ಕೊಟ್ಟರು. ಹೊಂಬಣ್ಣದ, ನೋಡಿದರೆ ತಿನ್ನಬೇಕು ಅನ್ನಿಸುವ ಹಣ್ಣು. ಆ ಬಣ್ಣ ಕೊಟ್ಟದ್ದು ಸಿಡುಕಿ, ಸಿಡುಕಿಯನ್ನು ತೂಗಿದ್ದು ಈಕೆಯೇ. ಸಂಜೆ ಮನೆಗೆ ಹೋದವರು ಪೀಪಿಯ ಅಂಗೈ ತುಂಬ ಹಣ್ಣು ಸುರಿದರು. ಅರ್ಧ ಗಂಟೆಯೊಳಗೆ ಮಗು ಉಸಿರಿಗಾಗಿ ಬಾಯಿ ಬಿಡತೊಡಗಿತು. ಆಸ್ಪತ್ರೆಗೆ ಓಡಿದರು, ಹೊಗೆಯಂಥ ಔಷಧಿ ಕೊಟ್ಟ ಮೇಲೆ ಬೆಳಗಿನ ಹೊತ್ತಿಗೆ ಮಗು ಚೇತರಿಸಿಕೊಂಡಿತು. ಏನು ತಿಂದಿತ್ತು ಎಂದು ಡಾಕ್ಟರ್ ಕೇಳಿದರು. ಈ ಉಪ್ಪು ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ, ಉಬ್ಬಸವಿರುವ ಕೆಲವರಿಗೆ ಮಾತ್ರ ಹೀಗೆ ಎದೆ ಕಟ್ಟಿಸುತ್ತದೆ ಎಂದು ವಿವರಿಸಿದರು.

"ತೂಕ ಸರಿ ಇತ್ತಮ್ಮ. ಮಾರನೇ ದಿನ ಬಂದು ಮತ್ತೆ ನೋಡಿದೆ, ಒಂದು ಗ್ರಾಮೂ ಆಚೀಚೆ ಆಗಿರ್ಲಿಲ್ಲ. ತಪ್ಪಾಗಿದ್ರೆ ನನ್ನ ನಾನೇ ಬೈಕೊಂಡು ಸುಮ್ನಾಗ್ತಿದ್ದೆ. ಸರಿಯಾಗಿದ್ದೂ ಹೀಗಾಯ್ತಲ್ಲ, ಅದನ್ನ ಯಾರ ಹತ್ರ ಹೇಳ್ಲಿ? ಲೆಕ್ಕ ಎಲ್ಲರಿಗೂ ಅಂತ ಮಾಡಿರ್ತಾರೆ. ನಮ್ಮ ಪೀಪಿ ಎಲ್ಲರ ಹಾಗಲ್ಲ."

ಸೊಸೆ ಕೂಗಾಡಲಿಲ್ಲ. ಒಂದು ವಾರ ರಾತ್ರಿಯೆಲ್ಲ ಮಗುವಿನ ಉಸಿರು ಕೇಳುತ್ತಾ ಎಚ್ಚರವಿದ್ದಳು. ಆಮೇಲೆ ಇಷ್ಟೇ ಹೇಳಿದಳು: "ಅತ್ತೆ, ಇನ್ಮೇಲೆ ಮಗುಗೆ ನಿಮ್ಮ ಕೈಯಿಂದ ಏನೂ ಕೊಡ್ಬೇಡಿ." ಕೂಗಾಡಿದ್ದರೆ ವಾಸಿಯಿತ್ತು ಎನ್ನುತ್ತಾರೆ ತಕ್ಕಡಿ ಅಕ್ಕ. ಅವತ್ತಿನಿಂದ ಅಜ್ಜಿ ಮಗುವಿಗೆ ಜಡೆ ಹಾಕುತ್ತಾರೆ, ಶಾಲೆಗೆ ಬಿಡುತ್ತಾರೆ, ಕತೆ ಹೇಳುತ್ತಾರೆ. ತಟ್ಟೆಗೆ ಮಾತ್ರ ಕೈ ಹಾಕುವುದಿಲ್ಲ. ನೀರು ಕೇಳಿದರೂ ಸೊಸೆಯನ್ನು ಕರೆಯುತ್ತಾರೆ.

ಆದರೆ ಸುಮ್ಮನೆ ಕೂರಲಿಲ್ಲ. ಒಣಹಣ್ಣಿನ ಪೊಟ್ಟಣದಲ್ಲಿ ಸಲ್ಫೈಟ್ ಇದೆ ಎಂಬ ಸಾಲು ಹಿಂಬದಿಯ ಮಡಿಕೆಯೊಳಗೆ, ಇರುವೆ ಸಾಲಿನಂತೆ ಇತ್ತು. ಅದನ್ನು ಮುಂದೆ ದೊಡ್ಡದಾಗಿ ಹಾಕಿ ಎಂದು ಮ್ಯಾನೇಜರ್ ಹತ್ತಿರ ಹೋದರು. ಅವರು ನಕ್ಕು, ನೋಡೋಣ ಎಂದರು. ಇವರು ಮತ್ತೆ ಹೋದರು. ನೋಡೋಣ ಎಂದವರು ನೋಡುವವರೆಗೂ ಹೋದರು. ಈಗ ಬರುವ ಪೊಟ್ಟಣದ ಮುಂಭಾಗದಲ್ಲಿ ಆ ಸಾಲಿದೆ, ಕನ್ನಡಕ ಇಲ್ಲದೆ ನನಗೂ ಕಾಣುತ್ತದೆ.

"ನನ್ನಿಂದ ಆಯ್ತು ಅಂತ ಹೇಳಲ್ಲ ನಾನು. ಆದ್ರೆ ಆಯ್ತು" ಎನ್ನುತ್ತಾರೆ. ಆಮೇಲೆ ಲೋಟದ ತಳದ ಚಹಾ ನೋಡುತ್ತಾ, "ಇನ್ನು ಎರಡು ವರ್ಷ ಸರ್ವಿಸ್ ಇದೆ. ಅದಕ್ಕೆ ಮುಂಚೆ ಪೀಪಿಗೆ ನನ್ನ ಕೈಯಾರೆ ಏನಾದ್ರೂ ತಿನ್ನಿಸ್ಬೇಕು. ಅದೂ ಅವಳಮ್ಮ ಹೇಳಿ ತಿನ್ನಿಸ್ಬೇಕು. ಕದ್ದು ಕೊಡೋಕೆ ನನಗೇನು ಬರಲ್ವಾ?"

ಕೆಲಸ ಮುಗಿದ ಮೇಲೆ ಆಕೆಯೊಂದಿಗೆ ಮನೆಗೆ ಹೊರಟೆ. ಮಗುವಿರುವ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ತಿರುವಿನ ಅಂಗಡಿಯಲ್ಲಿ ಒಂದು ಬಿಸ್ಕತ್ ಪೊಟ್ಟಣ ಕೊಂಡೆ. ಇಡೀ ದಿನ ಆ ಕೋಣೆಯಲ್ಲಿ ನಿಂತು, ಅಷ್ಟೆಲ್ಲ ಕೇಳಿಸಿಕೊಂಡು, ಹಿಂಬದಿ ತಿರುಗಿಸಿ ನೋಡದೆ ಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ!

ಎರಡು ಕೋಣೆಯ ಮನೆ, ಮೂರನೇ ಮಹಡಿ. ಒಂದೊಂದು ಮೆಟ್ಟಿಲಿಗೂ ತಕ್ಕಡಿ ಅಕ್ಕನ ಮಂಡಿ ಗೊಣಗುತ್ತದೆ. ಒಳಗೆ ಸೊಸೆ ಹಿಟ್ಟು ಕಲಸುತ್ತಿದ್ದಾಳೆ. ಪೀಪಿ ನನ್ನ ಕೈಯ ಪೊಟ್ಟಣ ನೋಡಿ ಕುಣಿಯುತ್ತಾಳೆ, ಆದರೆ ಇಸಿದುಕೊಂಡು ತಾನೇ ಒಡೆಯುವುದಿಲ್ಲ. ಸೀದಾ ಅಜ್ಜಿಗೆ ಕೊಟ್ಟು, ತಾನು ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಾಳೆ. ಅಜ್ಜಿ ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಹೋಗುತ್ತಾರೆ.

ಅಜ್ಜಿ ಲೇಬಲ್ ಓದದೆ ಈ ಮನೆಯಲ್ಲಿ ಯಾವ ಪೊಟ್ಟಣವನ್ನೂ ಒಡೆಯುವುದಿಲ್ಲ ಎಂದು ಆಗ ಗೊತ್ತಾಯಿತು. ಎಲ್ಲ ಪುಡಿಗಳಿಗೂ ಲೇಬಲ್ ಮೇಲೆ ಒಂದೊಂದು ಸಂಖ್ಯೆ ಇರುತ್ತದೆ. ಸಿಡುಕಿಯ ಕುಟುಂಬದ್ದು ಇನ್ನೂರಿಪ್ಪತ್ತರಿಂದ ಇನ್ನೂರಿಪ್ಪತ್ತೆಂಟು.

"ಕೆಲವರು ಬಿಸ್ಕತ್ ಹಿಟ್ಟಿಗೂ ಸಿಡುಕಿ ಹಾಕ್ತಾರೆ, ಹಿಟ್ಟು ಮೆತ್ತಗಾಗ್ಲಿ ಅಂತ" ಎಂದು ಅಜ್ಜಿ ನನ್ನತ್ತ ತಿರುಗಿ ಸಹಜವಾಗಿ ಹೇಳುತ್ತಾರೆ. ನನ್ನ ಜೀವ ಬಾಯಿಗೆ ಬರುತ್ತದೆ.

"ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ!" ಅಜ್ಜಿ ಕೂಗುತ್ತಾರೆ.

"ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ!" ಪೀಪಿ ಮರುಕೂಗುತ್ತಾಳೆ.

"ಐನೂರು!"

"ಐನೂರು, ಅಡುಗೆ ಸೋಡಾ!"

"ಮುನ್ನೂರಿಪ್ಪತ್ತೆರಡು!"

"ಮುನ್ನೂರಿಪ್ಪತ್ತೆರಡು, ದಲ್ಲಾಳಿ!" ಪೀಪಿ ಕಿಸಕ್ಕನೆ ನಗುತ್ತಾಳೆ.

ಅಜ್ಜಿ ಇನ್ನೊಮ್ಮೆ ಮೇಲಿನಿಂದ ಕೆಳಗೆ ಬೆರಳಾಡಿಸುತ್ತಾರೆ. "ಉಪ್ಪು. ಅಷ್ಟೇ. ಇನ್ನೂರಿಪ್ಪತ್ತರ ಮನೆಯವರು ಯಾರೂ ಇಲ್ಲ."

"ಉಪ್ಪು. ಅಷ್ಟೇ. ಯಾರೂ ಇಲ್ಲ!"

ಇಲ್ಲಿಗೆ ಮುಗಿಯಲಿಲ್ಲ. ಇಬ್ಬರೂ ಅಡುಗೆಮನೆಯತ್ತ ನೋಡುತ್ತಾರೆ. ಅಲ್ಲಿಂದ ಉತ್ತರ ಬರಬೇಕು. ಇದುವರೆಗೆ ಹೀಗೆ ಓದಿ ಮುಗಿದ ಮೇಲೆ ಸೊಸೆ ಬಂದು, ಪೊಟ್ಟಣ ತೆಗೆದುಕೊಂಡು ತಾನೇ ಒಡೆದು, ತಾನೇ ಕೊಡುತ್ತಿದ್ದಳಂತೆ. ಹಿಟ್ಟಿನ ಪಾತ್ರೆಯ ಸದ್ದು ನಿಲ್ಲುತ್ತದೆ. ಆಕೆ ಹೊರಗೆ ಬರುತ್ತಾಳೆ, ಎರಡೂ ಕೈ ಮೊಣಕೈವರೆಗೆ ಹಿಟ್ಟು. ನನ್ನನ್ನು ನೋಡುತ್ತಾಳೆ, ಅತ್ತೆಯನ್ನು ನೋಡುತ್ತಾಳೆ. ಕೈ ತೊಳೆಯಲು ನಲ್ಲಿಯತ್ತ ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಲ್ಲುತ್ತಾಳೆ.

"ನೀವೇ ಕೊಡಿ ಅತ್ತೆ" ಎನ್ನುತ್ತಾಳೆ.

ತಕ್ಕಡಿ ಅಕ್ಕ ಬಗ್ಗಿದ ತಲೆ ಎತ್ತುವುದಿಲ್ಲ. "ನಾನಾ?"

"ನೀವೇ. ನಿಮ್ಮಷ್ಟು ಜೋಪಾನ ನನಗೂ ಬರಲ್ಲ. ಭಯ ಆಗಿತ್ತು, ಈಗಲೂ ಆಗುತ್ತೆ. ಅದಕ್ಕೆ ನೀವೇನು ಮಾಡ್ತೀರಿ?" ಅಷ್ಟು ಹೇಳಿ ಸೊಸೆ ಮತ್ತೆ ಹಿಟ್ಟಿಗೆ ಹೋಗುತ್ತಾಳೆ. ಪಾತ್ರೆಯ ಸದ್ದು ಈಗ ತುಸು ಜೋರಾಗಿದೆ.

ಅಜ್ಜಿ ಪೊಟ್ಟಣ ಒಡೆಯುತ್ತಾರೆ, ಒಂದು ಬಿಸ್ಕತ್ ತೆಗೆಯುತ್ತಾರೆ. ಮೊದಲು ಅರ್ಧ ತಿನ್ನಲಿ, ನೋಡೋಣ ಎಂದು ಎರಡು ಬೆರಳಲ್ಲಿ ಹಿಡಿದು ಮುರಿಯುತ್ತಾರೆ. ಬೆಳಿಗ್ಗೆ ಚಿಟಿಕೆ ಪುಡಿ ಹಾಕುವಾಗಲೂ ಅಲುಗದಿದ್ದ ಕೈ ಅದು. ಆದರೂ ಬಿಸ್ಕತ್ ಅಡ್ಡಾದಿಡ್ಡಿಯಾಗಿ ಮುರಿಯುತ್ತದೆ, ಒಂದು ಚೂರು ದೊಡ್ಡದು, ಇನ್ನೊಂದು ಬೆರಳುಗುರಿನಷ್ಟು.

ಪೀಪಿ ಎರಡನ್ನೂ ಅಳೆದು ನೋಡುತ್ತಾಳೆ. "ಅಜ್ಜೀ, ಸಮ ಇಲ್ಲ ಇದು!"

"ಹೌದು ಕಣೇ, ತೂಕ ತಪ್ತು" ಎನ್ನುತ್ತಾರೆ ತಕ್ಕಡಿ ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. "ದೊಡ್ಡದು ನೀನೇ ತಗೋ. ಬಾಯಿ ತೆಗಿ."